ಉಜಿರೆ ರುಡ್‌ಸೆಟ್‌ನಲ್ಲಿ 30 ದಿನ, ಮೋಟಾರ್ ರಿವೈಂಡಿಂಗ್ ಟ್ರೈನಿಂಗ್ ಹೇಗಿತ್ತು

ಐಟಿಐ ಮುಗಿಸಿ ಮನೇಲಿ ಕೂತಿರೋ ಹುಡುಗ್ರಿಗೋಸ್ಕರ ಬರೀತಿದೀನಿ, ನಾನೂ ಹಾಗೇ ಕೂತಿದ್ದವನು. ರುಡ್‌ಸೆಟ್ ಅಂದ್ರೆ ಸ್ವಂತ ಉದ್ಯೋಗಕ್ಕೆ ಟ್ರೈನಿಂಗ್ ಕೊಡೋ ಸಂಸ್ಥೆ, ರಿವೈಂಡಿಂಗ್ ಅಂದ್ರೆ ಸುಟ್ಟ ಮೋಟಾರಿನ ಹಳೇ ತಂತಿ ತೆಗ್ದು ಹೊಸದು ಸುತ್ತೋದು. ಎಸ್ಸೆಸ್ಸೆಲ್ಸಿ ಆದ್ಮೇಲೆ ನಮ್ಮ ಕಡೆ ಒಂದು ಐಟಿಐನಲ್ಲಿ (ಹೆಸರು ಬೇಡ ಬಿಡಿ) 2 ವರ್ಷ ಎಲೆಕ್ಟ್ರಿಷಿಯನ್ ಓದಿದೆ, ಅಲ್ಲಿ ಕ್ಲಾಸಿಗೆಲ್ಲ ಸೇರಿ ಇದ್ದಿದ್ದು ಒಂದೇ ಮೋಟಾರು, ಅದನ್ನ ಬಿಚ್ಚಿದ್ದು ನೋಡಿದೀನಿ, ವಾಪಸ್ ಕಟ್ಟಿದ್ದು ನೋಡೇ ಇಲ್ಲ. ರೆಕಾರ್ಡ್ ಬುಕ್‌ನಲ್ಲಿ ಡಯಾಗ್ರಾಮ್ ಮಾತ್ರ ಸೂಪರ್. ಊರಿಗೆ ಬಂದ್ರೆ ದೊಡ್ಡಪ್ಪ, ಕಾಫಿ ಪಲ್ಪರ್ ಮೋಟಾರ್ ಸುಟ್ಟೋಗಿದೆ ನೋಡೋ, ಕರೆಂಟ್ ಕೆಲ್ಸ ಓದಿದೀಯಲ್ಲ ಅಂದ್ರು. ಮುಖ ಎಲ್ಲಿಟ್ಕೊಳ್ಳೋದು ಹೇಳಿ.

ಆಮೇಲೆ ಯಾರೋ ಹೇಳಿದ್ರು ಅಂತ ಚಾರ್ಮಾಡಿ ಘಾಟಿ ಇಳ್ದು ಉಜಿರೆಗೆ ಹೋದೆ. 1982ರಲ್ಲಿ ಧರ್ಮಸ್ಥಳದ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕ್ ಜೊತೆ ಸೇರಿ ಶುರು ಮಾಡಿದ್ದು ಈ ರುಡ್‌ಸೆಟ್, ಈಗ ದೇಶದ ಜಿಲ್ಲೆ ಜಿಲ್ಲೇಲಿರೋ ಆರ್‌ಸೆಟಿಗಳಿಗೆಲ್ಲ (ಬ್ಯಾಂಕ್‌ಗಳು ನಡೆಸೋ ಇಂಥದೇ ಟ್ರೈನಿಂಗ್ ಸಂಸ್ಥೆಗಳು) ಇದೇ ಮಾದರಿ. ಟ್ರೈನಿಂಗು, ಊಟ, ಉಳ್ಕೊಳ್ಳೋದು ಎಲ್ಲಾ ಫ್ರೀ. ಫ್ರೀ ಊಟ ಅಂದ್ರೆ ಸಣ್ಣ ವಿಷ್ಯ ಅಲ್ಲ, ನಮ್ಮಂಥೋರು ಕೋರ್ಸ್ ಅರ್ಧಕ್ಕೆ ಬಿಡೋದು ಫೀಸಿಗಲ್ಲ, ಬಸ್ ಚಾರ್ಜು ರೂಮ್ ಬಾಡಿಗೆಗೆ.

ಮೊದಲು ಕಲಿಸಿದ್ದೇ ಹಳೇ ಕಾಯಿಲ್‌ಗೆ (ಸುತ್ತಿಟ್ಟ ತಂತಿಗೆ) ಕತ್ತರಿ ಹಾಕೋ ಮುಂಚೆ ಬರ್ಕೊಳ್ಳೋದು, ಸ್ಲಾಟ್ (ಕಾಯಿಲ್ ಕೂರೋ ಸಂದು) ಎಷ್ಟು, ಪಿಚ್ (ಒಂದು ಕಾಯಿಲ್ ಎಷ್ಟು ಸ್ಲಾಟ್ ದಾಟುತ್ತೆ ಅನ್ನೋದು) ಎಷ್ಟು, ಟರ್ನ್ಸ್ (ಸುತ್ತು) ಎಷ್ಟು, ವೈರ್ ಗೇಜ್ (ತಂತಿ ದಪ್ಪ) ಎಷ್ಟು ಅಂತ. ಟರ್ನ್ಸ್ ಕಮ್ಮಿ ಆದ್ರೆ ಕರೆಂಟ್ ಜಾಸ್ತಿ ಎಳ್ದು ಮತ್ತೆ ಸುಡುತ್ತೆ. ಆಮೇಲೆ ಸ್ಲಾಟಿಗೆ ಇನ್ಸುಲೇಷನ್ ಪೇಪರ್ ಹಾಕೋದು, ಕಾಯಿಲ್ ಸುತ್ತೋದು, ಕೂರ್ಸೋದು, ದಾರ ಬಿಗಿಯೋದು, ಮೆಗ್ಗರ್ (ಇನ್ಸುಲೇಷನ್ ಸರಿ ಇದ್ಯಾ ಅಂತ ಅಳೆಯೋ ಮೀಟರ್) ಹಾಕಿ ನೋಡೋದು, ವಾರ್ನಿಶ್. ನಾನು ಕಟ್ಟಿದ ಮೊದಲ್ನೇ ಮೋಟಾರಿನ ತಂತಿ ಅದರ ಕಬ್ಬಿಣದ ಬಾಡೀಗೆ ತಾಗಿ ಶಾರ್ಟ್ ಆಗಿತ್ತು, ಪೇಪರ್ ಹರಿದಿದ್ದೆ ಕಾಯಿಲ್ ತುರುಕೋವಾಗ, ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಐಟಿಐನ 2 ವರ್ಷದಲ್ಲಿ ಇದೊಂದು ಚಾನ್ಸ್ ಸಿಕ್ಕಿರ್ಲಿಲ್ಲ ನೋಡಿ.

ಬೆಳಗ್ಗೆ ಬೇಗ ಎಬ್ಬಿಸ್ತಾರೆ, ಪ್ರಾರ್ಥನೆ, ಶ್ರಮದಾನ ಇರುತ್ತೆ. ಮಧ್ಯ ರಿಂಗ್ ಎಸೆಯೋ ಆಟ, ಕಣ್ಣಿಗೆ ಬಟ್ಟೆ ಕಟ್ಕೊಂಡು ಗೋಪುರ ಕಟ್ಟೋ ಆಟ ಆಡಿಸ್ತಾರೆ, ಇದೇನು ಮಕ್ಕಳಾಟ ಅಂತ ನಕ್ಕಿದ್ದೆ, ಬಿಸಿನೆಸ್‌ನಲ್ಲಿ ಎಷ್ಟು ರಿಸ್ಕ್ ತಗೋಬೇಕು ಅನ್ನೋ ಪಾಠ ಅದು ಅಂತ ಅಂಗಡಿ ಬಾಡಿಗೆ ಲೆಕ್ಕ ಹಾಕೋವಾಗ ಗೊತ್ತಾಯ್ತು. ಬ್ಯಾಂಕ್ ಸಾಲಕ್ಕೆ ಪೇಪರ್ ಹೇಗೆ ರೆಡಿ ಮಾಡೋದು ಅಂತ್ಲೂ ಹೇಳ್ಕೊಡ್ತಾರೆ.

ಒಂದು ಮಾತು, 30 ದಿನಕ್ಕೆ ಯಾರೂ ಮೇಸ್ತ್ರಿ ಆಗಲ್ಲ. ಬೋರ್‌ವೆಲ್ ಸಬ್‌ಮರ್ಸಿಬಲ್‌ಗೆ ಕೈ ಹಾಕೋಕೆ ಇನ್ನೊಬ್ರ ಅಂಗಡೀಲಿ ಆರು ತಿಂಗಳು ದುಡ್ದೆ ನಾನು. ಐದಕ್ಕೆ ನಾಲ್ಕೂವರೆ ಸ್ಟಾರ್. ಹೋಗೋರು ಆಧಾರ್, ರೇಷನ್ ಕಾರ್ಡ್, ಫೋಟೋ ಇಟ್ಕೊಂಡಿರಿ, ಬ್ಯಾಚ್ ಯಾವಾಗ ಅಂತ ಮುಂಚೆನೇ ಫೋನ್ ಮಾಡಿ ಕೇಳಿ, ಸುಮ್ನೆ ಘಾಟಿ ಇಳ್ದು ವಾಪಸ್ ಹತ್ತೋ ಹಾಗಾಗ್ಬಾರ್ದು.