ವಿಪಿಎನ್ ರೂಟರಿಗೆ ಹಾಕೋದಾ, ಫೋನಿಗೆ ಹಾಕೋದಾ?

ವಿಪಿಎನ್ ಅಂದ್ರೆ ನಮ್ಮ ನೆಟ್ ಡೇಟಾನ ಗುಟ್ಟಾಗಿ ಇನ್ನೊಂದು ಸರ್ವರ್ ಮೂಲಕ ಕಳಿಸೋ ವ್ಯವಸ್ಥೆ. ಅದನ್ನ ರೂಟರಿಗೇ ಹಾಕಿದ್ರೆ ಟಿವಿ, ಕ್ಯಾಮೆರಾ ಥರ ಆ್ಯಪ್ ಹಾಕೋಕಾಗದ ಸಾಮಾನೂ ಅದರಡಿ ಬರ್ತವೆ, ಆದ್ರೆ ರೂಟರ್ ಚಿಪ್ಪು ಸಣ್ಣದು ನೋಡಿ, ಎನ್‌ಕ್ರಿಪ್ಷನ್ (ಡೇಟಾನ ಬೇರೆಯವ್ರು ಓದದ ಹಾಗೆ ಗುಪ್ತಗೊಳಿಸೋದು) ಮಾಡೋಕೆ ಏದುಸಿರು ಬಿಡತ್ತೆ, ನನ್ನ ಹಳೇ ರೂಟರಲ್ಲಿ ಓಪನ್‌ವಿಪಿಎನ್ ಅನ್ನೋ ಥರದ ವಿಪಿಎನ್ ಹಾಕಿದಾಗ 100 ಎಂಬಿಪಿಎಸ್ ಲೈನು 15ಕ್ಕೆ ಬಂದು ಕೂತ್ಕೊಳ್ತು, ಲ್ಯಾಪ್‌ಟಾಪ್ ಆ್ಯಪಲ್ಲಿ ಅದೇ ಲೈನು 90 ಕೊಡ್ತಿತ್ತು. ವೈರ್‌ಗಾರ್ಡ್ ಅನ್ನೋ ಇನ್ನೊಂದು ಥರದ ವಿಪಿಎನ್ನಿಗೆ ಸಪೋರ್ಟ್ ಇರೋ ರೂಟರಾದ್ರೆ ಪರವಾಗಿಲ್ಲ, ಅದು ಹಗುರ.

ಇನ್ನೊಂದು ತಲೆನೋವು, ಬ್ಯಾಂಕ್ ಸೈಟು ಕೆಲವು ಸಲ ವಿಪಿಎನ್ ಅಂತ ಗೊತ್ತಾಗಿ ಲಾಗಿನ್ ಬಿಡಲ್ಲ, ಫೋನಲ್ಲಾದ್ರೆ ಒಂದು ಬಟನ್ ಒತ್ತಿ ಆಫ್ ಮಾಡ್ಬೋದು, ರೂಟರಲ್ಲಿ ಸೆಟ್ಟಿಂಗ್ಸ್ ಪೇಜ್ ತೆಗೆದು ಪಾಸ್‌ವರ್ಡ್ ಹುಡ್ಕೋ ಹೊತ್ತಿಗೆ ಮನೆಮಂದಿಯೆಲ್ಲಾ ನೆಟ್ ಹೋಯ್ತು ಅಂತ ಕೂಗ್ತಿರ್ತಾರೆ. ಆ್ಯಪ್ ಹೊರಗಡೆ ವೈಫೈಲೂ ಕೆಲಸ ಮಾಡತ್ತೆ, ರೂಟರದ್ದು ಮನೆ ಬಾಗಿಲಿಗೇ ಮುಗೀತು. ಎರಡು ಮೂರೇ ಡಿವೈಸಾ? ಆ್ಯಪೇ ಸಾಕು.