ಡಬ್ಬದ ಮೇಲೆ ಎಣ್ಣೆ ಹೆಸರು ಬರೆದಿರೋ ಕುರುಕು ತಿಂಡಿ ಅಂಗಡಿ, ಕುವೆಂಪುನಗರ, ಮೈಸೂರು

ನಮ್ಮನೆಯಿಂದ ಎರಡು ರೋಡ್ ಆಚೆ ಒಂದು ಚಿಕ್ಕ ಅಂಗಡಿ ಇದೆ, ಮನೆ ಮುಂದಿನ ಕಾರ್ ಶೆಡ್ಡನ್ನೇ ಅಂಗಡಿ ಮಾಡ್ಕೊಂಡಿದಾರೆ, ಬೋರ್ಡ್ ಮೇಲೆ ಬರೀ 'ಮನೆ ತಿಂಡಿ' ಅಂತಿದೆ. ಕೋಡುಬಳೆ, ನಿಪ್ಪಟ್ಟು, ಚಕ್ಕುಲಿ, ಖಾರದ ಅವಲಕ್ಕಿ, ಇಷ್ಟೇ ಐಟಂ. ಆರೇಳು ತಿಂಗಳಿಂದ ಅಲ್ಲೇ ತಗೊಳ್ತಿದೀನಿ. ಮೊದಲ್ನೇ ದಿನ ನನ್ನ ಕಣ್ಣಿಗೆ ಬಿದ್ದಿದ್ದು ಒಂದೇ, ಪ್ರತಿ ಡಬ್ಬದ ಮೇಲೂ ರೇಟ್ ಪಕ್ಕದಲ್ಲೇ ಯಾವ ಎಣ್ಣೇಲಿ ಕರಿದಿದ್ದು ಅಂತ ಚೀಟಿ ಬರೆದು ಅಂಟಿಸಿದಾರೆ. ಇಷ್ಟು ವರ್ಷದಲ್ಲಿ ಇದನ್ನ ನಾನು ಬೇರೆ ಎಲ್ಲೂ ನೋಡಿಲ್ಲ.

ಇದು ನಂಗೆ ಯಾಕೆ ಅಷ್ಟು ಮುಖ್ಯ ಅಂದ್ರೆ, ಹೋದ ವರ್ಷ ಅಪ್ಪಂಗೆ ಸ್ಟೆಂಟ್ ಹಾಕಿದ್ರು, ಸ್ಯಾಚುರೇಟೆಡ್ ಕೊಬ್ಬು ಕಡಿಮೆ ಮಾಡಿ ಅಂದ್ರು ಡಾಕ್ಟರ್, ಅವತ್ತಿಂದ ಪ್ಯಾಕೆಟ್ ಹಿಂದೆ ತಿರುಗಿಸಿ ಓದೋ ಅಭ್ಯಾಸ ಶುರುವಾಯ್ತು. ಬಿಸ್ಕತ್ತು, ರಸ್ಕು, ನೂಡಲ್ಸು, ಚಿಪ್ಸು, ಐಸ್‌ಕ್ರೀಮ್ ಅಂದ್ಕೊಂಡು ತಿನ್ನೋ ಫ್ರೋಜನ್ ಡೆಸರ್ಟು, ಎಷ್ಟೊಂದರಲ್ಲಿ ಸಣ್ಣ ಅಕ್ಷರದಲ್ಲಿ ಪಾಮ್ ಆಯಿಲ್ (ಅಂದ್ರೆ ತಾಳೆ ಎಣ್ಣೆ) ಇಲ್ಲಾ ಅದರಿಂದಲೇ ಬೇರ್ಪಡಿಸಿದ ತೆಳು ಎಣ್ಣೆ ಪಾಮೋಲಿನ್ ಅಂತ ಇದ್ದೇ ಇರುತ್ತೆ. ಪ್ಯಾಕೆಟ್ಟಲ್ಲಿ ಬರೆದಾದ್ರೂ ಇರುತ್ತಲ್ಲ, ತೂಕ ಹಾಕಿ ಕೊಡೋ ತಿಂಡಿಗೆ ಅದೂ ಇಲ್ಲ. ಒಂದು ಬೇಕರೀಲಿ ಖಾರಾ ಬಿಸ್ಕತ್ತಿಗೆ ಏನು ಹಾಕ್ತೀರಾ ಅಂತ ಕೇಳಿದ್ದಕ್ಕೆ "ರೀಫೈನ್ಡ್ ಮೇಡಂ" ಅಂದ್ರು. ಯಾವುದ್ರ ರೀಫೈನ್ಡು ಅಂತ ಮತ್ತೆ ಕೇಳಿದ್ರೆ ಉತ್ತರ ಬರ್ಲಿಲ್ಲ, ಹಿಂದೆ ಕ್ಯೂನಲ್ಲಿ ಇದ್ದವರು ಬೇರೆ ನನ್ನೇ ನೋಡ್ತಿದ್ರು, ಸುಮ್ನೆ ವಾಪಸ್ ಬಂದೆ.

ತಾಳೆ ಎಣ್ಣೇಲಿ ಹೆಚ್ಚುಕಮ್ಮಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬೇ ಇರೋದು, ಕಡಲೆಕಾಯಿ ಎಣ್ಣೇಲಿ ಸುಮಾರು ಐದರಲ್ಲಿ ಒಂದು ಪಾಲು. ಈ ಕೊಬ್ಬು ಜಾಸ್ತಿ ಆದ್ರೆ ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ ಏರುತ್ತೆ. ಹಾಗಂತ ಪಾಮೋಲಿನ್ ಒಂದೇ ವಿಷ ಅಂತ ನಾನು ಹೇಳಲ್ಲ, ಕೊಬ್ಬರಿ ಎಣ್ಣೇಲಿ ಇದಕ್ಕಿಂತ ತುಂಬಾ ಜಾಸ್ತಿ ಇದೆ, ಆದ್ರೆ ಕೊಬ್ಬರಿ ಎಣ್ಣೆ ನಮಗೆ ಗೊತ್ತಿಲ್ದೇ ಬೆಳಿಗ್ಗೆ ಬಿಸ್ಕತ್ತಲ್ಲಿ ಸಂಜೆ ಬೋಂಡದಲ್ಲಿ ಹೊಟ್ಟೆಗೆ ಹೋಗಲ್ಲ, ಪಾಮೋಲಿನ್ ಹೋಗುತ್ತೆ. ಇನ್ನೊಂದು, 200 ಡಿಗ್ರಿ ಮೇಲೆ ಕಾಯಿಸಿ ರೀಫೈನ್ ಮಾಡುವಾಗ ಗ್ಲೈಸಿಡಿಲ್ ಎಸ್ಟರ್ ಅಂತ ಬೇಡದ ವಸ್ತು ಹುಟ್ಟುತ್ತೆ, ಅದು ತಾಳೆ ಎಣ್ಣೇಲೇ ಹೆಚ್ಚು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2016ರಲ್ಲೇ ಹೇಳಿದೆ.

ಅಂಗಡಿ ನಡೆಸೋ ಅಮ್ಮ ಚಳ್ಳಕೆರೆ ಕಡೆಯವರು. ಎಣ್ಣೆ ಯಾವುದು ಅಂತ ನಾನು ಕೇಳಿದ ತಕ್ಷಣ ಒಳಗೆ ಕರ್ಕೊಂಡು ಹೋಗಿ ಟಿನ್ ಮುಚ್ಚಳ ತೆಗೆದು ತೋರಿಸಿದ್ರು. ತಳದಲ್ಲಿ ಸ್ವಲ್ಪ ಮಡ್ಡಿ ನಿಂತಿತ್ತು, ಮುಚ್ಚಳ ತೆಗೀತಿದ್ದಂಗೆ ಹುರಿದ ಕಡಲೆಕಾಯಿ ವಾಸನೆ ಘಮ್ಮಂತ ಬಂತು. ಊರಿನ ಗಾಣದಿಂದ ತಿಂಗಳಿಗೆ ಎರಡು ಸಲ ಬಸ್ಸಲ್ಲಿ ತರಿಸ್ತಾರಂತೆ. "ನಮ್ಮಪ್ಪ ಮಿಲ್ಲಲ್ಲೇ ದುಡಿದೋರು ಕಣಮ್ಮ, ಊರಿಗೆ ಹೋದ್ರೆ ಬಸ್‌ಸ್ಟ್ಯಾಂಡಲ್ಲೇ ಎಣ್ಣೆ ವಾಸ್ನೆ ಬರ್ತಿತ್ತು, ಈಗ ಶೆಡ್ಡುಗಳಿಗೆ ಬೀಗ" ಅಂದ್ರು. ಆಯಿಲ್ ಸಿಟಿ ಅಂತಾನೇ ಹೆಸರಾಗಿದ್ದ ಊರು ಅದು. ಮಳೆ ಕೈಕೊಟ್ಟು ಶೇಂಗಾ ಬೆಳೆ ಕಮ್ಮಿ ಆಗ್ತಾ ಬಂತು, ಇನ್ನೊಂದು ಕಡೆ ಅಗ್ಗದ ಹೊರದೇಶದ ಎಣ್ಣೆ ಬಂದು ತುಂಬ್ಕೊಂತು, ಮಿಲ್ಲುಗಳು ಒಂದೊಂದಾಗಿ ನಿಂತ್ವು.

ಆ ಹೊರದೇಶದ ಎಣ್ಣೆ ಎಲ್ಲಿಂದ ಬರುತ್ತೆ ಅಂತ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಜಗತ್ತಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡ್ಕೊಳ್ಳೋದು ನಮ್ಮ ದೇಶ, ಅದರಲ್ಲಿ ಹೆಚ್ಚಿನದು ಇಂಡೋನೇಷ್ಯಾ ಮಲೇಷ್ಯಾದ್ದು. ಅಲ್ಲಿ ಸುಮಾತ್ರಾ, ಬೋರ್ನಿಯೊ ಕಾಡು ಕಡಿದು ಜೌಗು ನೆಲ ಬಸಿದು ತೋಟ ಮಾಡಿದಾರೆ, ಬಸಿದು ಒಣಗಿದ ಆ ನೆಲಕ್ಕೆ ಬೆಂಕಿ ಬಿದ್ರೆ ವಾರಗಟ್ಟಲೆ ಆರಲ್ಲ. 2015ರಲ್ಲಿ ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟಿತ್ತು, ಹೊಗೆ ಸಿಂಗಾಪುರದ ತನಕ ಹೋಗಿತ್ತು. ಒರಾಂಗುಟಾನ್ ಅನ್ನೋ ದೊಡ್ಡ ವಾನರಕ್ಕೆ ಇರೋದೇ ಆ ಎರಡು ದ್ವೀಪ. ಇನ್ನು 2021ರಲ್ಲಿ ನಮ್ಮ ಸರ್ಕಾರವೂ ತಾಳೆ ಬೆಳೆಸೋಕೆ 11,040 ಕೋಟಿ ರೂಪಾಯಿ ಯೋಜನೆ ತಂದಿದೆ, ಅದ್ರಲ್ಲಿ ಈಶಾನ್ಯ ರಾಜ್ಯಗಳು, ಅಂಡಮಾನ್ ಮೇಲೇ ವಿಶೇಷ ಗಮನ, ಅಲ್ಲಿನ ಕಾಡಿನ ಗತಿ ಏನು ಅನ್ನೋ ಭಯ ನಂಗಿದೆ. ಒಂದು ಮಾತು ಮಾತ್ರ ಒಪ್ಕೋಬೇಕು, ಒಂದು ಎಕರೆಯಲ್ಲಿ ತಾಳೆ ಕೊಡೋವಷ್ಟು ಎಣ್ಣೆ ಬೇರೆ ಯಾವ ಬೆಳೆಯೂ ಕೊಡಲ್ಲ, ಎಲ್ರೂ ಇದೇ ಪ್ರಮಾಣದಲ್ಲಿ ಕರಿದಿದ್ದು ತಿಂತಾ ಎಣ್ಣೆ ಮಾತ್ರ ಬದಲಾಯಿಸಿದ್ರೆ ಇನ್ನೂ ಜಾಸ್ತಿ ಜಮೀನು ಬೇಕಾಗುತ್ತೆ. ಅದಕ್ಕೇ ನಮ್ಮನೇಲಿ ಕರಿದ ತಿಂಡಿ ವಾರಕ್ಕೆ ಒಂದೇ ದಿನ ಅಂತ ಮಾಡಿದೀವಿ.

ಈಗ ರುಚಿ. ಕೋಡುಬಳೆ ಫಸ್ಟ್ ಕ್ಲಾಸ್, ಮುರಿದ್ರೆ ಕಟುಂ ಅನ್ನುತ್ತೆ, ಒಳಗೆ ಹಸಿ ಇಲ್ಲ, ತಿಂದಾದ್ಮೇಲೆ ಅಂಗುಳಕ್ಕೆ ಮೇಣ ಮೆತ್ತಿದಂಗೆ ಆಗಲ್ಲ. ನಿಪ್ಪಟ್ಟಿಗೆ ಕರಿಬೇವು ಕೈ ಬಿಚ್ಚಿ ಹಾಕ್ತಾರೆ. ಚಕ್ಕುಲಿಗೆ ಉಪ್ಪು ಜಾಸ್ತಿ, ಎರಡು ಸಲ ಹೇಳಿದೀನಿ, ಇನ್ನೂ ಸರಿ ಹೋಗಿಲ್ಲ, ಬಿಪಿ ಇರೋರು ಬಿಟ್ಬಿಡಿ. ಕಾದ ಎಣ್ಣೆ ಸೋಸಿಟ್ಟು ಮಾರನೇ ದಿನ ಒಂದು ಸಲ ಬಳಸ್ತಾರೆ, ಆಮೇಲೆ ಕರಿಯೋಕೆ ಬಳಸಲ್ಲ. ಇದೂ ದೊಡ್ಡ ವಿಷ್ಯಾನೇ, ಯಾವ ಎಣ್ಣೆ ಆದ್ರೂ ಕರ್ರಗಾಗೋ ತನಕ ಮತ್ತೆ ಮತ್ತೆ ಕಾಯಿಸಿದ್ರೆ ಕೆಟ್ಟದ್ದೇ.

ರೇಟ್ ಜಾಸ್ತಿ ಇದೆ, ಕೋಡುಬಳೆ ಕೆಜಿಗೆ 480, ಬೇರೆ ಕಡೆ 300ಕ್ಕೆ ಸಿಗುತ್ತೆ. ಗಾಣದ ಎಣ್ಣೆಗೂ ಪಾಮೋಲಿನ್‌ಗೂ ಒಂದಕ್ಕೆರಡು ವ್ಯತ್ಯಾಸ ಇರುವಾಗ ಇದು ಅನ್ಯಾಯ ಅಂತ ನಂಗೆ ಅನ್ಸಿಲ್ಲ, ಆದ್ರೆ ಎಲ್ರಿಗೂ ಆಗೋ ರೇಟಲ್ಲ ಅನ್ನೋದೂ ನಿಜ.

ಹೋದ ತಿಂಗಳು ಮಿಕ್ಸ್ಚರ್ ಡಬ್ಬ ಹೊಸದಾಗಿ ಬಂದಿತ್ತು. ಅದರ ಚೀಟಿ ಮೇಲೆ ಅದೇ ದಪ್ಪ ಅಕ್ಷರದಲ್ಲಿ 'ಹೊರಗಿಂದ ತರಿಸಿದ್ದು, ಪಾಮೋಲಿನ್' ಅಂತಿತ್ತು. ಯಾಕಮ್ಮ ಬರೆದ್ರಿ, ಬರೀದಿದ್ರೆ ಯಾರಿಗೆ ಗೊತ್ತಾಗ್ತಿತ್ತು ಅಂದೆ. "ನಿಮ್ಮಪ್ಪಾರು ತಿಂತಾರಲ್ಲಮ್ಮ" ಅಂದ್ರು. ಮಿಕ್ಸ್ಚರ್ ಬಿಟ್ಟು ಅರ್ಧ ಕೆಜಿ ನಿಪ್ಪಟ್ಟು ತಗೊಂಡು ಬಂದೆ.

ಭಾನುವಾರ ರಜಾ. ಡಬ್ಬ ನೀವೇ ತಗೊಂಡು ಹೋದ್ರೆ ಅದರಲ್ಲೇ ತೂಕ ಹಾಕಿ ಕೊಡ್ತಾರೆ. ಗೌರಿ ಹಬ್ಬಕ್ಕೆ ಬೇಕಿದ್ರೆ ಎರಡು ವಾರ ಮುಂಚೆನೇ ಹೇಳಿ, ಅಮ್ಮ ಮತ್ತೆ ಸೊಸೆ ಇಬ್ರೇ ಕರಿಯೋದು.