ಫುಕೆಟ್‌ನಲ್ಲಿ ನನ್ನ ಪಾಸ್‌ಪೋರ್ಟ್ ಅಡ ಬಿದ್ದ ಕಥೆ

ಗೆಳೆಯರ ಜೊತೆ ಥಾಯ್ಲೆಂಡ್‌ಗೆ ಹೊರಟಿದ್ದೀರಾ? ಹಾಗಿದ್ದರೆ ಇದನ್ನು ಒಮ್ಮೆ ಓದಿ. ಪೂರ್ತಿ ಓದಲು ಪುರುಸೊತ್ತಿಲ್ಲ ಅಂದರೆ ಇಷ್ಟು ಸಾಕು: ಸ್ಕೂಟರ್ ಬಾಡಿಗೆಗೆ ತಗೊಳ್ಳುವಾಗ ಪಾಸ್‌ಪೋರ್ಟ್ ಅಡ ಇಡಬೇಡಿ. ಎಷ್ಟೇ ನಗುನಗುತ್ತಾ ಕೇಳಿದರೂ ಇಡಬೇಡಿ.

ನಾವು ಐದು ಜನ. ಕೊನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಹೊರಟವರು. ಅದಕ್ಕೂ ಮೊದಲು ಯಾರೂ ದೇಶ ದಾಟಿದವರಲ್ಲ. ವಿಮಾನದ ಟಿಕೆಟ್ ಒಬ್ಬನ ಪಾಲಿಗೆ, ಹೋಟೆಲ್ ಇನ್ನೊಬ್ಬನ ಪಾಲಿಗೆ. ದುಡ್ಡಿನ ಲೆಕ್ಕ ನೋಡುವವನಿಗೆ ಖಜಾಂಚಿ ಅಂತ ಹೆಸರು ಬಿತ್ತು. ನೂರಾರು ವಿಡಿಯೋ ನೋಡಿ ಎಲ್ಲ ತಿಳಿದುಕೊಂಡವನಿಗೆ ಮೇಷ್ಟ್ರು. ನನಗೆ ಯಾವ ಕೆಲಸವೂ ಇರಲಿಲ್ಲ. ಆರಾಮ ಅಂದುಕೊಂಡಿದ್ದೆ.

ಫುಕೆಟ್ ಸಣ್ಣ ದ್ವೀಪ ಅಲ್ಲ. ಥಾಯ್ಲೆಂಡಿನ ದ್ವೀಪಗಳಲ್ಲೇ ಅದು ದೊಡ್ಡದು. ನಾವು ಉಳಿದುಕೊಂಡಿದ್ದು ಪಟಾಂಗ್ ಬೀಚ್ ಹತ್ತಿರ. ನೋಡಬೇಕಾದ ಜಾಗಗಳೆಲ್ಲ ದಕ್ಷಿಣದ ಕಡೆ ಚದುರಿಕೊಂಡಿವೆ. ಟುಕ್‌ಟುಕ್‌ನವರು ಕೇಳುವ ದುಡ್ಡು ಕೇಳಿದರೆ ನಡೆದೇ ಹೋಗೋಣ ಅನಿಸುತ್ತದೆ. ಸ್ಕೂಟರ್ ಆದರೆ ದಿನಕ್ಕೆ 250 ಬಾತ್. ಬಾತ್‌ಗೆ ಎರಡೂವರೆ ರೂಪಾಯಿ ಅಂದರೂ ಆರುನೂರು ಚಿಲ್ಲರೆ. ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸುವುದು. ಐದು ಜನಕ್ಕೆ ಮೂರು ಗಾಡಿ, ಮೂರು ದಿನ. ಎರಡೇ ನಿಮಿಷದಲ್ಲಿ ತೀರ್ಮಾನ ಆಯಿತು.

ಅಂಗಡಿಯಲ್ಲಿ ಇದ್ದದ್ದು ನಡುವಯಸ್ಸಿನ ಹೆಂಗಸು. ತುಂಬಾ ಒಳ್ಳೆಯ ಮಾತು. ಕುಡಿಯಲು ತಣ್ಣನೆ ನೀರು ಕೊಟ್ಟರು, ಯಾವ ಬೀಚಿನಲ್ಲಿ ಅಲೆ ಜಾಸ್ತಿ ಅಂತ ತಾವಾಗಿಯೇ ಹೇಳಿದರು. ಆಮೇಲೆ ಡೆಪಾಸಿಟ್ ಮಾತು ಬಂತು. ಗಾಡಿಗೆ ಐದು ಸಾವಿರ ಬಾತ್ ನಗದು, ಇಲ್ಲವಾದರೆ ಪಾಸ್‌ಪೋರ್ಟ್. ಮೂರು ಗಾಡಿಗೆ ಹದಿನೈದು ಸಾವಿರ ಅಂದ ಕೂಡಲೇ ಖಜಾಂಚಿಯ ಮುಖ ಸಣ್ಣದಾಯಿತು. ಅದನ್ನು ನೋಡಿ ಅವರು, "ಮೂರಕ್ಕೂ ಸೇರಿ ಒಂದೇ ಪಾಸ್‌ಪೋರ್ಟ್ ಸಾಕು, ನೀವು ಹುಡುಗರು" ಅಂದುಬಿಟ್ಟರು.

ಎಂಥ ಉದಾರಿ ಅಂದುಕೊಂಡೆವು.

"ಮಗಾ, ನಿಂದು ಕೊಡೋ. ನಮ್ದೆಲ್ಲ ರೂಮಲ್ಲಿದೆ" ಅಂದ ಮೇಷ್ಟ್ರು. ನಿಜ, ಅವತ್ತು ಪಾಸ್‌ಪೋರ್ಟ್ ಜೊತೆಯಲ್ಲಿ ಇಟ್ಟುಕೊಂಡಿದ್ದವನು ನಾನೊಬ್ಬನೇ. ಕೊಟ್ಟೆ. ಅವರು ಒಂದು ಹಾಳೆ ಮುಂದಿಟ್ಟರು. ಎರಡೂ ಬದಿ ಸಣ್ಣ ಅಕ್ಷರ, ಮೇಲೆ ಥಾಯ್, ಕೆಳಗೆ ಇಂಗ್ಲಿಷ್. ನಾನು ಮೇಷ್ಟ್ರ ಮುಖ ನೋಡಿದೆ. ಅವನು ಹೆಲ್ಮೆಟ್ ಹಾಕಿ ನೋಡುತ್ತಿದ್ದ. ಅವನು ಓದಿರುತ್ತಾನೆ ಅಂದುಕೊಂಡು ಸಹಿ ಹಾಕಿದೆ. ಸಹಿ ಹಾಕಿದ್ದು ನಾನು, ಹಾಗಾಗಿ ನಾನೇ ಓದಿರುತ್ತೇನೆ ಅಂತ ಅವನು ಅಂದುಕೊಂಡನಂತೆ. ಉಳಿದ ಮೂವರು ನಾವಿಬ್ಬರೂ ಓದಿದ್ದೇವೆ ಅಂತ. ಒಬ್ಬನೇ ಹೋಗಿದ್ದರೆ ನಾನು ಖಂಡಿತ ಓದುತ್ತಿದ್ದೆ. ಐದು ಜನ ಇದ್ದೇವೆ ಅನ್ನುವ ಧೈರ್ಯಕ್ಕೆ ಐವರೂ ಕಣ್ಣು ಮುಚ್ಚಿದ್ದೆವು.

ಫೋಟೋ ತೆಗೆಯಲಿಲ್ಲವಾ ಅಂತ ಕೇಳಬಹುದು. ತೆಗೆದೆವು, ಹದಿನೇಳು. ಎಲ್ಲದರಲ್ಲೂ ನಾವೇ ಇದ್ದೇವೆ, ಗಾಡಿ ನಮ್ಮ ಹಿಂದಿದೆ.

ಮೊದಲ ದಿನ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕರೋನ್ ವ್ಯೂಪಾಯಿಂಟ್‌ನಿಂದ ಮೂರು ಬೀಚು ಸಾಲಾಗಿ ಕಾಣುತ್ತವೆ. ಸಂಜೆ ದಕ್ಷಿಣದ ತುದಿ ಪ್ರೋಮ್‌ಥೆಪ್‌ಗೆ ಹೋಗಿ ಸೂರ್ಯ ಮುಳುಗುವುದನ್ನು ನೋಡಿದೆವು. ಅದಕ್ಕಾಗಿಯಾದರೂ ಫುಕೆಟ್‌ಗೆ ಹೋಗಬೇಕು. ಈ ಬರಹ ಓದಿ ಯಾರೂ ಟಿಕೆಟ್ ಕ್ಯಾನ್ಸಲ್ ಮಾಡಬೇಡಿ.

ಎರಡನೇ ದಿನ ಪೊಲೀಸರು ಅಡ್ಡ ಹಾಕಿದರು. ಹೆಲ್ಮೆಟ್ ಎಲ್ಲರ ತಲೆ ಮೇಲೂ ಇತ್ತು. ಅವರು ಕೇಳಿದ್ದು ಲೈಸೆನ್ಸ್. ನಮ್ಮ ಊರಿನ ಕಾರ್ಡ್ ತೋರಿಸಿದೆವು. ತಲೆ ಆಡಿಸಿದರು. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು, ಅಂದರೆ ಎಲ್ಲರೂ ಐಡಿಪಿ ಅನ್ನುವುದು. ಅದು ನಮ್ಮ ಆರ್‌ಟಿಓ ಕಚೇರಿಯಲ್ಲೇ ಸಿಗುತ್ತದೆ. ಲೈಸೆನ್ಸ್, ಪಾಸ್‌ಪೋರ್ಟ್ ತೋರಿಸಿ ಅರ್ಜಿ ಹಾಕಬೇಕು, ಶುಲ್ಕ 1,000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ಹೊರಡುವ ಮುಂಚೆ ಒಂದು ಬೆಳಿಗ್ಗೆ ಹೋಗಿದ್ದರೆ ಆಗುತ್ತಿತ್ತು. ಗಾಡಿ ಓಡಿಸುತ್ತಿದ್ದ ಮೂವರಿಗೂ ತಲಾ 500 ಬಾತ್ ದಂಡ. ಅದು ನಮ್ಮದೇ ತಪ್ಪು, ಪೊಲೀಸರನ್ನು ದೂರುವುದಿಲ್ಲ.

ಅವತ್ತು ರಾತ್ರಿ ರೂಮಿನಲ್ಲಿ ಕೂತು ಟ್ರಾವೆಲ್ ಇನ್ಶೂರೆನ್ಸ್ ಕಾಗದ ಮೊದಲ ಸಲ ತೆರೆದು ಓದಿದೆ. ಆ ದೇಶದಲ್ಲಿ ನಡೆಯುವ ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿ ಬಿದ್ದರೆ ಆಸ್ಪತ್ರೆ ಖರ್ಚು ಕೊಡುವುದಿಲ್ಲ ಅಂತ ಅದರಲ್ಲಿ ಬರೆದಿತ್ತು. ಬೇರೆಯವರ ಪಾಲಿಸಿಗಳಲ್ಲೂ ಸಾಮಾನ್ಯವಾಗಿ ಇದೇ ಇರುತ್ತದೆ. ಪಟಾಂಗ್ ಬೆಟ್ಟದ ರಸ್ತೆ ನೋಡಿದವರಿಗೆ ಇದು ಎಂಥ ವಿಷಯ ಅಂತ ಗೊತ್ತಾಗುತ್ತದೆ. ಕಡಿದಾದ ಇಳಿಜಾರು, ತಿರುವು, ಪಕ್ಕದಲ್ಲೇ ಲಾರಿ. ನಾವು ಅಲ್ಲಿ ಎರಡು ದಿನ ಹಾಡು ಹೇಳಿಕೊಂಡು ಓಡಾಡಿದ್ದೆವು.

ಈಗ ಮುಖ್ಯ ವಿಷಯ. ಮೂರನೇ ದಿನ ಸಂಜೆ ಆರು ಗಂಟೆಗೆ ಗಾಡಿ ಒಪ್ಪಿಸಲು ಹೋದೆವು. ಮರುದಿನ ಬೆಳಿಗ್ಗೆ ವಿಮಾನ. ಆ ಹೆಂಗಸು ಇರಲಿಲ್ಲ. ಒಬ್ಬ ಗಂಡಸು ಇದ್ದ, ನಗು ಇಲ್ಲ. ಮೊದಲ ಎರಡು ಗಾಡಿಯನ್ನು ಅವನು ನೋಡಲೇ ಇಲ್ಲ. ಸೀದಾ ಮೂರನೇ ಗಾಡಿ ಹತ್ತಿರ ಹೋದ, ಮೇಷ್ಟ್ರು ಓಡಿಸಿದ್ದು. ಮಂಡಿ ಊರಿ ಕೂತ, ಮೊಬೈಲ್ ಟಾರ್ಚ್ ಹಾಕಿದ, ಕಾಲಿಡುವ ಜಾಗದ ಅಡಿಯಲ್ಲಿ ಮುಂದಿನ ಪ್ಯಾನೆಲ್ ಮಡಚುವ ಕಡೆ ಬೆಳಕು ಬಿಟ್ಟ. ಅಲ್ಲಿ ಗೇಣುದ್ದದ ಗೀರು. ಹುಡುಕಲಿಲ್ಲ. ಸ್ವಂತ ಜೇಬಿಗೆ ಕೈ ಹಾಕುವ ಹಾಗೆ ಹೋಗಿ ತೋರಿಸಿದ.

ನಾನೂ ಬಗ್ಗಿ ನೋಡಿದೆ. ಗೀರಿನೊಳಗೆ ಉಗುರು ಹಾಕಿ ಎಳೆದೆ. ಕಪ್ಪು ಕೊಳೆ ಬಂತು, ಎಣ್ಣೆಯ ಜೊತೆ ಸೇರಿ ಗಟ್ಟಿಯಾದ ಕೊಳೆ. ಮೂರು ದಿನದ ಗೀರಿನಲ್ಲಿ ಅಷ್ಟು ಕೊಳೆ ಕೂರುವುದಿಲ್ಲ. "ಇದು ಹಳೇದು" ಅಂದೆ. ಅವನು ಆ ಎರಡು ಬದಿಯ ಹಾಳೆ ತಂದ. ಹಿಂಬದಿಯ ಒಂದು ಸಾಲಿನ ಮೇಲೆ ಬೆರಳಿಟ್ಟ: ಗಾಡಿ ಯಾವ ಗೀರೂ ಇಲ್ಲದೆ ಸಿಕ್ಕಿದೆ ಅಂತ ಬಾಡಿಗೆಗೆ ಪಡೆದವರು ಒಪ್ಪಿದ್ದಾರೆ. ಕೆಳಗೆ ನನ್ನ ಸಹಿ. ಮೂರೂ ಗಾಡಿಗೆ ನಾನೇ ಜವಾಬು. ಒಂದೇ ಪಾಸ್‌ಪೋರ್ಟ್ ಸಾಕು ಅಂದಿದ್ದರ ಅರ್ಥ ಆಗ ಹೊಳೆಯಿತು.

ಅವನು ಕ್ಯಾಲ್ಕ್ಯುಲೇಟರ್ ಒತ್ತಿ ತೋರಿಸಿದ ಲೆಕ್ಕ ಇದು. ಪ್ಯಾನೆಲ್ 6,500. ಕೆಳಗಿನ ತುಂಡು 4,500. ಬಣ್ಣ, ಕೂಲಿ 3,500. ರಿಪೇರಿ ಮುಗಿಯುವ ತನಕ ಆರು ದಿನದ ಬಾಡಿಗೆ 1,500. ಒಟ್ಟು 16,000 ಬಾತ್, ಅಂದರೆ ನಲವತ್ತು ಸಾವಿರ ರೂಪಾಯಿ. ಇನ್ಶೂರೆನ್ಸ್ ಇಲ್ಲವಾ ಅಂದರೆ ಇದೆ ಅಂದ. ಇರುವುದು ನಿಜ. ಅಲ್ಲಿ ಪ್ರತಿ ಗಾಡಿಗೂ ಪೊ ರೊ ಬೊ ಅನ್ನುವ ಕಡ್ಡಾಯ ವಿಮೆ ಇರುತ್ತದೆ. ಅದು ಮನುಷ್ಯರಿಗೆ ಪೆಟ್ಟಾದರೆ ಚಿಕಿತ್ಸೆಗೆ ಒಂದು ಮಿತಿಯವರೆಗೆ ಕೊಡುತ್ತದೆ, ಗಾಡಿಗೆ ಅಲ್ಲ. ಬಾಡಿಗೆ ಅಂಗಡಿಯವರು "ವಿಮೆ ಇದೆ" ಅಂದರೆ ಯಾವ ವಿಮೆ ಅಂತ ಕೇಳಿ.

ಜಗಳ ಆಡಬಹುದಿತ್ತು. ಆದರೆ ಪಾಸ್‌ಪೋರ್ಟ್ ಅವನ ಡ್ರಾಯರ್‌ನಲ್ಲಿತ್ತು. ಅವನು ಡ್ರಾಯರ್ ಅರ್ಧ ಎಳೆದು, ನನ್ನ ನೀಲಿ ಹೊದಿಕೆ ಕಾಣುವಷ್ಟು ತೋರಿಸಿ, ಮತ್ತೆ ಮುಚ್ಚಿದ. ಬಾಯಿ ಬಿಡಲಿಲ್ಲ.

ಅದನ್ನು ಬಿಟ್ಟು ಬರುತ್ತೇನೆ ಅಂದರೆ ಏನಾಗುತ್ತದೆ? ಭಾರತದ ರಾಯಭಾರ ಕಚೇರಿ ಬ್ಯಾಂಕಾಕ್‌ನಲ್ಲಿದೆ. ಫುಕೆಟ್‌ನಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದು ಇಡೀ ರಾತ್ರಿ. ಪೊಲೀಸ್ ದೂರಿನ ಪ್ರತಿ, ಅರ್ಜಿ, ಫೋಟೋ ಎಲ್ಲ ಕೊಟ್ಟರೆ ತುರ್ತು ಪ್ರಮಾಣಪತ್ರ ಕೊಡುತ್ತಾರೆ, ಅದರಲ್ಲಿ ಊರಿಗೆ ವಾಪಸ್ ಬರಬಹುದು ಅಷ್ಟೇ. ಅಷ್ಟರಲ್ಲಿ ವಿಮಾನ ಹೋಗಿರುತ್ತದೆ. ಈ ಲೆಕ್ಕ ನಮಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು.

ಆಮೇಲೆ ಓದಿ ತಿಳಿದ ಇನ್ನೊಂದು ವಿಷಯ. ಪಾಸ್‌ಪೋರ್ಟ್ ನಮ್ಮ ಸ್ವತ್ತೇ ಅಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅದು ಯಾವಾಗಲೂ ಕೇಂದ್ರ ಸರ್ಕಾರದ್ದು, ನಮ್ಮ ಕೈಯಲ್ಲಿ ಇರುತ್ತದೆ ಅಷ್ಟೇ. ಸರ್ಕಾರದ ಆಸ್ತಿಯನ್ನು ಸ್ಕೂಟರ್‌ಗೆ ಅಡ ಇಟ್ಟ ಮಹಾನುಭಾವ ನಾನು.

ನಮ್ಮಲ್ಲಿ ತಲೆ ಓಡಿಸಿದ್ದು ಖಜಾಂಚಿ. ಸುಮ್ನೆ ಆಚೆ ಹೋಗಿ 1155ಕ್ಕೆ ಫೋನ್ ಮಾಡಿದ. ಅದು ಥಾಯ್ಲೆಂಡಿನ ಟೂರಿಸ್ಟ್ ಪೊಲೀಸ್ ನಂಬರ್, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಇದನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಅವರು ಎಲ್ಲ ಕೇಳಿ, ಅಂಗಡಿಯವನಿಗೆ ಫೋನ್ ಕೊಡಲು ಹೇಳಿದರು. ಥಾಯ್‌ನಲ್ಲಿ ಹತ್ತು ನಿಮಿಷ ಮಾತಾಯಿತು. ನಮಗೆ ಒಂದು ಪದವೂ ತಿಳಿಯಲಿಲ್ಲ. ಆದರೆ ಫೋನ್ ಇಟ್ಟ ಮೇಲೆ ಅವನ ದನಿ ಇಳಿಯಿತು. 16,000 ಹೋಗಿ 12,000 ಆಯಿತು. ನಾವು 3,000 ಅಂದೆವು. ರಾತ್ರಿ ಒಂಬತ್ತರವರೆಗೆ ಎಳೆದಾಡಿ 7,000ಕ್ಕೆ ನಿಂತಿತು. ಇನ್ನೂ ಎಳೆದಿದ್ದರೆ ಇಳಿಯುತ್ತಿತ್ತೋ ಏನೋ. ನನಗೆ ಸಾಕಾಗಿತ್ತು. ದುಡ್ಡು ಎಣಿಸಿ ಕೊಟ್ಟೆವು, ರಸೀದಿ ಬರೆಸಿಕೊಂಡೆವು. ಪಾಸ್‌ಪೋರ್ಟ್ ತೆಗೆದುಕೊಂಡು ಪುಟ ಪುಟ ತಿರುಗಿಸಿ ನೋಡಿದೆ. ಕೈ ನಡುಗುತ್ತಿತ್ತು ಅಂತ ಹೇಳಿಕೊಳ್ಳಲು ನಾಚಿಕೆ ಇಲ್ಲ.

ಹೋಟೆಲ್‌ಗೆ ಬಂದು ಕೌಂಟರ್‌ನ ಹುಡುಗನಿಗೆ ಹೇಳಿದರೆ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಎರಡು ಬೀದಿ ಆಚೆ ಒಂದು ಅಂಗಡಿ ಇದೆ, ಅಲ್ಲಿ ಗಾಡಿಗೆ 3,000 ನಗದು ಮತ್ತು ಪಾಸ್‌ಪೋರ್ಟಿನ ಜೆರಾಕ್ಸ್ ಕೊಟ್ಟರೆ ಸಾಕು, ನನ್ನನ್ನು ಕೇಳಬೇಕಿತ್ತು ಅಂದ. ಹೌದು, ಕೇಳಬೇಕಿತ್ತು. ನಗದು ಹೋದರೂ ಅಷ್ಟಕ್ಕೇ ನಿಲ್ಲುತ್ತದೆ, ವಿಮಾನ ತಪ್ಪುವುದಿಲ್ಲ. ಜೆರಾಕ್ಸ್‌ಗೆ ಒಪ್ಪದವರು ಸಿಕ್ಕರೆ ಮುಂದಿನ ಅಂಗಡಿಗೆ ಹೋಗಿ, ಪಟಾಂಗ್‌ನಲ್ಲಿ ಸ್ಕೂಟರ್‌ಗೆ ಬರ ಇಲ್ಲ. ಗಾಡಿ ತಗೊಳ್ಳುವ ಮುಂಚೆ ಅಂಗಡಿಯವರ ಎದುರಿಗೇ ವಿಡಿಯೋ ಮಾಡಿ. ಮಂಡಿ ಊರಿ, ಟಾರ್ಚ್ ಹಾಕಿ, ಅವನು ಮಾಡಿದ ಹಾಗೇ ಅಡಿಯಿಂದ. ಪೆಟ್ರೋಲ್ ಮುಳ್ಳೂ ಬರಲಿ. ಒಬ್ಬೊಬ್ಬರ ಗಾಡಿ ಒಬ್ಬೊಬ್ಬರ ಹೆಸರಿನಲ್ಲೇ ಇರಲಿ, ಎಷ್ಟೇ ಗಳಸ್ಯ ಕಂಠಸ್ಯ ಆಗಿದ್ದರೂ. ಮತ್ತೆ ಗಾಡಿ ವಾಪಸ್ ಕೊಡುವುದನ್ನು ಕೊನೇ ಸಂಜೆಗೆ ಇಟ್ಟುಕೊಳ್ಳಬೇಡಿ. ಮರುದಿನ ವಿಮಾನ ಇದೆ ಅಂತ ಮೊದಲ ದಿನ ನೀರು ಕುಡಿಯುತ್ತಾ ನಾವೇ ಅವರಿಗೆ ಹೇಳಿದ್ದೆವು.

ಅವತ್ತು ರಾತ್ರಿ ನಿಜವಾದ ಜಗಳ ಆಗಿದ್ದು ರೂಮಿನಲ್ಲಿ. 7,000 ಯಾರು ಕೊಡಬೇಕು? "ನಾನು ಗೀರಿಲ್ಲ, ನಾನ್ಯಾಕೋ ಕೊಡಲಿ" ಅಂದ ಮೇಷ್ಟ್ರು. ಸಹಿ ಹಾಕಿದವನು ನೀನಲ್ವಾ ಅಂತ ಇನ್ನೊಬ್ಬ ನನ್ನ ಕಡೆ ತಿರುಗಿದ. ಗಾಡಿಯ ಹಿಂದೆ ಕೂತವನಿಗೂ ಪಾಲು ಇದೆಯಾ ಅನ್ನುವ ಬಗ್ಗೆ ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಖಜಾಂಚಿ ಐದರಿಂದ ಭಾಗಿಸಿದ, ತಲಾ 1,400 ಬಾತ್. ವಿಮಾನದಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಈಗ ಎಲ್ಲ ಸರಿಯಾಗಿದ್ದೇವೆ. ನಾಲ್ವರ ದುಡ್ಡು ಲೆಕ್ಕಕ್ಕೆ ಬಂದಿದೆ, ಒಬ್ಬನದು ಇನ್ನೂ ಬಾಕಿ ಇದೆ. ಯಾರು ಅಂತ ಹೇಳುವುದಿಲ್ಲ, ಅವನೂ ಇದನ್ನು ಓದುತ್ತಾನೆ.